ಕಿತ್ತಳೆ ದೀಪ ಮಿಣುಕುವಾಗ

ಈ ವಿಷಯ ಹೇಳುವುದನ್ನು ನಾನು ಎರಡು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಒಮ್ಮೆ ಪೆನ್ನು ಸಿಗಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ, ಎರಡೂ ಸಿಕ್ಕಿದ ದಿನ ನಿದ್ದೆ ಬಂತು. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದವನು ನಾನು. ಹತ್ತನೆಯ ತರಗತಿಯ ಓದು, ಕೈಗೊಂದು ಗಡಿಯಾರ, ಬಾಯಿಗೊಂದು ವಿಸಿಲು. ಸುಳ್ಯದ ಬಸ್ಸು ಎರಡು ನಿಮಿಷ ತಡವಾದರೆ ಡ್ರೈವರನ ಅಜ್ಜನವರೆಗೂ ವಿಚಾರಿಸಿಕೊಳ್ಳುತ್ತಿದ್ದೆ. ಅಂಥವನು ತನ್ನದೇ ಒಂದು ಮಾತನ್ನು ಎರಡು ವರ್ಷ ನಿಲ್ದಾಣದಲ್ಲೇ ನಿಲ್ಲಿಸಿಕೊಂಡರೆ ವಿಸಿಲು ಊದಲು ಯಾರಿದ್ದಾರೆ?

ದರ್ಬೆಯಲ್ಲಿರುವ ನಮ್ಮ ಮನೆ ಕೆಂಪುಕಲ್ಲಿನದು. ಗೋಡೆ ಎಷ್ಟು ದಪ್ಪವೆಂದರೆ, ಅಡುಗೆಮನೆಯಿಂದ ಹೆಂಡತಿ ಕಮಲ ಕರೆದದ್ದು ಜಗಲಿಯಲ್ಲಿರುವ ನನಗೆ ಕೇಳಿಸುವುದಿಲ್ಲ. ಅಸಲಿಗೆ ಕೇಳಿಸುತ್ತದೆ; ಕೇಳಿಸುವುದಿಲ್ಲವೆಂದು ಮದುವೆಯಾದಂದಿನಿಂದ ಹೇಳಿಕೊಂಡು ಬಂದಿದ್ದೇನೆ. ಆದರೆ ಜಗಲಿಯಲ್ಲಿದ್ದ ವೈಫೈ ಮಹಡಿಗೆ ನಿಜವಾಗಿಯೂ ತಲುಪುತ್ತಿರಲಿಲ್ಲ. ಸೊಸೆ ಶ್ವೇತಾ ಮಹಡಿಯ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಅರ್ಧ ಲೆಕ್ಕ ಹೇಳುವಷ್ಟರಲ್ಲಿ ಪರದೆಯ ಮೇಲೆ ಅವಳು ಬಾಯಿ ತೆರೆದ ವಿಗ್ರಹದ ಹಾಗೆ ನಿಂತುಬಿಡುತ್ತಿದ್ದಳಂತೆ. ಹಾಗಾಗಿ ರಸ್ತೆ ಬದಿಯ ಎಲೆಕ್ಟ್ರಾನಿಕ್ಸ್ ಅಂಗಡಿಯವರನ್ನು ಕರೆಸಿದೆವು. ಅವರ ಹೆಸರನ್ನು ಈಗಲೇ ಹೇಳುವುದಿಲ್ಲ, ಬಾಯಿಗೆ ಬರಲು ಅದಕ್ಕೆ ಸ್ವಲ್ಪ ಸಮಯ ಬೇಕು. ಸದ್ಯಕ್ಕೆ ಪೆಟ್ಟಿಗೆಯವರು ಎನ್ನೋಣ. ಇಚಿಲಂಪಾಡಿಯ ಬ್ಯಾರಿ ಮನೆತನದವರು, ನಲುವತ್ತರ ಪ್ರಾಯ, ಏಣಿ ಹತ್ತುವ ಮೊದಲು ಚಪ್ಪಲಿ ಬಿಟ್ಟು ಜೋಡಿಸಿಡುವ ಮನುಷ್ಯ.

ಜಗಲಿಯಲ್ಲೊಂದು, ಊಟದ ಕೋಣೆಯಲ್ಲೊಂದು, ಮಹಡಿಯಲ್ಲೊಂದು, ಹೀಗೆ ಮೂರು ಬಿಳಿ ಪೆಟ್ಟಿಗೆ ಇಟ್ಟರು. “ಇದಕ್ಕೆ ಮೆಶ್ ಅಂತ ಹೇಳುದು ಗೌಡ್ರೆ. ಮೂರೂ ಕೈ ಕೈ ಹಿಡ್ಕೊಂಡು ನಿಂತ ಹಾಗೆ. ಆಗಾಗ ಕಂಪೆನಿಯಿಂದ ಅಪ್ಡೇಟ್ ಬರ್ತದೆ, ತನ್ನಷ್ಟಕ್ಕೇ ಹಾಕ್ಕೊಳ್ತದೆ. ಎಲ್ಲರೂ ರಾತ್ರಿ ಹೊತ್ತಿಗೆ ಇಡುದು. ನಿಮ್ಗೂ ಹಾಗೇ ಇಡ್ಲಾ?”

“ರಾತ್ರಿ ಬೇಡ ಮಾರಾಯ್ರೆ. ನಾವು ಎಲ್ಲ ಪ್ಲಗ್ಗೂ ತೆಗ್ದೇ ಮಲಗುದು.”

ಅವರು ನಕ್ಕರು. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡುಗಿನ ಸದ್ದು ಕೇಳಿದರೆ ಕೈ ತಾನಾಗಿಯೇ ಪ್ಲಗ್ಗಿಗೆ ಹೋಗುತ್ತದೆ. ಆಮೇಲೆ ಬೇಕಾದರೆ ದೇವರ ನೆನಪಾಗುತ್ತದೆ. ಪಂಜದಲ್ಲಿರುವ ನನ್ನ ಭಾವನ ಮನೆಯಲ್ಲಿ ಒಂದೇ ಸಿಡಿಲಿಗೆ ಟಿವಿ, ಫ್ರಿಜ್ಜು, ಮಿಕ್ಸಿ ಮೂರೂ ಹೋದ ಮೇಲಂತೂ ನಾನು ಮೋಡ ಕಂಡರೇ ಏಳುವವನಾಗಿದ್ದೇನೆ. ಕೊನೆಗೆ ಮಧ್ಯಾಹ್ನ ಮೂರು ಗಂಟೆ ಎಂದು ತೀರ್ಮಾನವಾಯಿತು. ಹೋಗುವಾಗ ಪೆಟ್ಟಿಗೆಯವರು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: “ದೀಪ ಕಿತ್ತಳೆ ಬಣ್ಣದಲ್ಲಿ ಮಿಣುಕುವಾಗ ಮಾತ್ರ ಮುಟ್ಬೇಡಿ ಗೌಡ್ರೆ. ಹತ್ತೇ ನಿಮಿಷ. ಆಪರೇಶನ್ ಟೇಬಲಿನ ಮೇಲೆ ಮಲಗಿಸಿದ ಹಾಗೆ ಅದು.” ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಜಗಲಿಯ ಪೆಟ್ಟಿಗೆಯ ಕೆಳಗೇ ನನ್ನ ಆರಾಮ ಕುರ್ಚಿ. ಊಟವಾದ ಮೇಲೆ ಅಲ್ಲಿ ಒರಗಿ ಅದರ ನೀಲಿ ದೀಪ ನೋಡುತ್ತಿದ್ದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅರೆನಿದ್ದೆಯಲ್ಲಿ ಮೂರು ಪೆಟ್ಟಿಗೆಗಳು ಗೋಡೆಯಾಚೆ ಈಚೆ ಪಿಸುಗುಟ್ಟುವುದು ಕೇಳಿಸಿದ ಹಾಗೆ ಆಗುತ್ತಿತ್ತು. ಮಹಡಿಯದು ಸುಬ್ರಹ್ಮಣ್ಯದ ಬಸ್ಸು, ಊಟದ ಕೋಣೆಯದು ಕಡಬದ್ದು, ಜಗಲಿಯದು ನಾನು. ಯಾವುದೋ ದೂರದ ಊರಿನಿಂದ ಹೊಸ ಬುದ್ಧಿ ಸದ್ದಿಲ್ಲದೆ ಬಂದು, ಮಲಗಿದ್ದ ಪೆಟ್ಟಿಗೆಯೊಳಗೆ ಹನಿಹನಿಯಾಗಿ ಇಳಿಯುತ್ತದೆ. ಎದ್ದಾಗ ಅದು ಹಳೆಯ ತಪ್ಪುಗಳನ್ನೆಲ್ಲ ತಿದ್ದಿಕೊಂಡಿರುತ್ತದೆ. ನಾನೂ ದಿನಾ ಅದೇ ಹೊತ್ತಿಗೆ ಮಲಗುತ್ತೇನೆ. ಎದ್ದಾಗ ಹಳಬನೇ ಇರುತ್ತೇನೆ, ಚಾ ಮಾತ್ರ ಹೊಸದು.

ಹೊಸ ಬುದ್ಧಿಯೇನೂ ಯಾವಾಗಲೂ ಒಳ್ಳೆಯದಾಗಿರುತ್ತಿರಲಿಲ್ಲ. ಒಂದು ಅಪ್ಡೇಟಿನ ಮರುದಿನ, ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಕಮಲಳ ಫೋನು ಹತ್ತಿರದ ಪೆಟ್ಟಿಗೆಯನ್ನು ಬಿಟ್ಟು ಮಹಡಿಯದನ್ನೇ ಹುಡುಕಿಕೊಂಡು ಹೋಗತೊಡಗಿತು. “ಹತ್ತಿರದ್ದು ಬೇಡ, ದೂರದ್ದೇ ಬೇಕು. ಫೋನಿಗೂ ಗೊತ್ತಾಗಿದೆ ನೋಡಿ,” ಎಂದಳು. ಯಾರ ಬಗ್ಗೆ ಹೇಳಿದಳೆಂದು ನಾನು ಕೇಳಲಿಲ್ಲ.

ಆ ವರ್ಷ ನವರಾತ್ರಿ ಕಳೆದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ. ಕನಸಿನಲ್ಲಿ ನಾನು ನಿಲ್ದಾಣದಲ್ಲಿದ್ದೆ. ಗಾಳಿಯಲ್ಲಿ ತೇಲುವ ಹಾಗೆ ಒಂದು ಬಸ್ಸು ಬಂತು, ಕಿಟಕಿಯಲ್ಲೆಲ್ಲ ಕಿತ್ತಳೆ ದೀಪ. ಹೊರಡಲು ವಿಸಿಲು ಊದಬೇಕು, ಅಷ್ಟರಲ್ಲಿ ಧಡಾರನೆ ಗುಡುಗಿತು. ಎದ್ದೆ, ಪ್ಲಗ್ಗು ಕಿತ್ತೆ. ಕಿತ್ತ ಮೇಲೆ ಕಣ್ಣು ಪೂರ್ತಿ ತೆರೆಯಿತು. ಆರುವ ಮುಂಚೆ ಆ ದೀಪ ಒಮ್ಮೆ ಮಿಣುಕಿದ್ದು ಕನಸಿನಲ್ಲಲ್ಲ, ಗೋಡೆಯ ಮೇಲೆ. ಗುಡುಗು ಸುಳ್ಯದ ಕಡೆ ಹೋಯಿತು. ಒಂದು ಹನಿಯೂ ಬೀಳಲಿಲ್ಲ. ಪ್ಲಗ್ಗು ಮತ್ತೆ ಹಾಕಿದೆ. ಪೆಟ್ಟಿಗೆ ಏಳಲಿಲ್ಲ.

ಮಹಡಿಯಿಂದ ಶ್ವೇತಾ ಇಳಿದು ಬಂದಳು. “ಮಾವ, ಮಕ್ಕಳಿಗೆ ಸೋಮವಾರ ಪರೀಕ್ಷೆ. ನೆಟ್ ಎಂತಾಯ್ತು?”

“ಯಾರಿಗೆ ಗೊತ್ತು? ನಾನು ಮಲಗಿದ್ದೆ,” ಎಂದೆ.

ಮರುದಿನ ಬೆಳಿಗ್ಗೆಯೇ ಪೆಟ್ಟಿಗೆಯವರು ಬಂದರು. ಚಪ್ಪಲಿ ಜೋಡಿಸಿಟ್ಟರು. ಪೆಟ್ಟಿಗೆಯನ್ನು ಮಗುವಿನ ಹಾಗೆ ತಿರುಗಿಸಿ ನೋಡಿ, ಮೆಲ್ಲನೆ ಕೇಳಿದರು: “ಅಪ್ಡೇಟ್ ಆಗುವಾಗ ಪ್ಲಗ್ ಏನಾದ್ರೂ ತೆಗ್ದಿದ್ರಾ ಗೌಡ್ರೆ?” ಸೊಸೆ ಬಾಗಿಲಲ್ಲಿ ನಿಂತಿದ್ದಳು. “ನಾನಾ? ನಾನು ಅದರ ಹತ್ತಿರವೂ ಹೋಗುದಿಲ್ಲ,” ಎಂದೆ. ಅದರ ಕೆಳಗೇ ಕುರ್ಚಿ ಹಾಕಿ ಕೂತು ಹೇಳಿದೆ.

ಇಷ್ಟಕ್ಕೇ ನಿಂತಿದ್ದರೆ ಇದು ಬರೆಯುವಂಥ ವಿಷಯವಲ್ಲ. ಭಾನುವಾರ ನಮ್ಮ ಬಡಾವಣೆಯವರ ಸಭೆ ಇತ್ತು. ನಮ್ಮದನ್ನು ನೋಡಿ ಹತ್ತು ಹನ್ನೆರಡು ಮನೆಯವರು ಇಂಥದ್ದೇ ಹಾಕಿಸಲು ಯೋಚಿಸಿದ್ದರು. ಪೆಟ್ಟಿಗೆಯವರೂ ತೋರಿಸಲಿಕ್ಕೆಂದು ಒಂದನ್ನು ಚೀಲದಲ್ಲಿ ತಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರನ್ನು ನೋಡಿರಲಿಲ್ಲ. ಅಧ್ಯಕ್ಷರು, “ಗೌಡ್ರೆ, ನಿಮ್ಮಲ್ಲಿ ಹೇಗುಂಟು ಅದು?” ಎಂದು ಕೇಳಿದರು. ಪ್ಲಗ್ಗು ಮುಟ್ಟಿಲ್ಲವೆಂದು ಹೇಳಿಯಾದ ಮೇಲೆ ತಪ್ಪು ಪೆಟ್ಟಿಗೆಯದ್ದೇ ಆಗಬೇಕಲ್ಲ. “ಹಾಳಾಗಿ ಹೋಯ್ತು. ಹಳೇದನ್ನು ಹೊಸ ಡಬ್ಬಿಗೆ ಹಾಕಿ ಕೊಟ್ಟದ್ದು ಕಾಣ್ತದೆ ಅವ,” ಎಂದೆ. ಹಿಂದೆ ಚೀಲದ ಜಿಪ್ಪು ಎಳೆದ ಸದ್ದಾಯಿತು. ತಿರುಗಿ ನೋಡಿದೆ. ಅವರು ಎದ್ದು ನಿಂತಿದ್ದರು. ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ಗೌಡ್ರು ಪ್ರಾಯದವರು, ಸುಳ್ಳು ಹೇಳ್ಲಿಕ್ಕಿಲ್ಲ. ನಾನೇ ಎಲ್ಲಿಯಾದ್ರೂ ತಪ್ಪಿರ್ಬೇಕು,” ಎಂದು ಹೇಳಿ ಹೊರಟರು. ಆ ಮನೆಯವರೆಲ್ಲ ಬೇರೆಯವರ ಕೈಯಲ್ಲಿ ಹಾಕಿಸಿಕೊಂಡರು. ಸೋಮವಾರ ಅವರು ನಮ್ಮಲ್ಲಿಗೆ ಬಂದು ಹೊಸ ಪೆಟ್ಟಿಗೆ ಕೂರಿಸಿ, ಕೊಟ್ಟ ಚಾ ಕುಡಿದು, ಹೋದರು.

ಮೂರು ವಾರದ ನಂತರ ಶ್ವೇತಾ ಜಗಲಿಯಲ್ಲಿ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಪೆಟ್ಟಿಗೆಗಳೂ ನನ್ನ ಹಾಗೆ ಹೋದದ್ದು ಬಂದದ್ದನ್ನು ಬರೆದಿಡುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಅವಳ ಪರದೆಯಲ್ಲಿ ಅದು ಕಂಡಿತು. ಆ ಶುಕ್ರವಾರ ಮೂರು ಗಂಟೆ ಏಳು ನಿಮಿಷ: ಅಪ್ಡೇಟಿನ ನಡುವೆ ಜಗಲಿಯ ಪೆಟ್ಟಿಗೆಗೆ ಕರೆಂಟು ಕಡಿತ. ಮಹಡಿಯ ಪೆಟ್ಟಿಗೆಗೆ ಆ ಹೊತ್ತು ಕರೆಂಟು ಇತ್ತೆಂದೂ ಅಲ್ಲೇ ಕೆಳಗೆ ಇತ್ತು. ಅವಳು ಅದನ್ನು ನೋಡಿದಳು, ಪ್ಲಗ್ಗನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. “ಮಾವ, ಚಾ ಮಾಡ್ಲಾ?” ಎಂದಳು.

ಅಂದಿನಿಂದ ತಪ್ಪಾಯಿತೆಂದು ಹೇಳಲು ನಾನು ಅವರ ಅಂಗಡಿಗೆ ಹೋಗುತ್ತಲೇ ಇದ್ದೆ. ಮೆಟ್ಟಿಲು ಹತ್ತುವವರೆಗೆ ಮಾತು ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಅವರು ತಲೆ ಎತ್ತಿ, “ಬನ್ನಿ ಗೌಡ್ರೆ, ಎಂತ ಬೇಕಿತ್ತು?” ಎಂದು ಎಂದಿನಂತೆ ಕೇಳಿದ ಕೂಡಲೇ, “ರಿಮೋಟಿಗೆ ಎರಡು ಸೆಲ್ಲು,” ಎನ್ನುತ್ತಿದ್ದೆ. ಮೇಜಿನ ಡ್ರಾಯರು ತುಂಬಿತು. “ಇಷ್ಟು ಸೆಲ್ಲು ಎಂತಕ್ಕೆ?” ಎಂದಳು ಕಮಲ. “ಟಿವಿಯನ್ನು ಗುಡ್ಡೆಯ ಮೇಲಿಟ್ಟು ಇಲ್ಲಿಂದ ಒತ್ತುದಾ?” ಒಂದು ದಿನ ಹೋದಾಗ ಅಂಗಡಿಯ ಬಾಗಿಲು ಹಾಕಿತ್ತು. ಊರಿಗೇ ಹೋಗಿ ಅಲ್ಲೇ ಅಂಗಡಿ ಇಟ್ಟಿದ್ದಾರಂತೆ. ತಾಯಿಗೆ ಹುಷಾರಿಲ್ಲದ್ದಕ್ಕೆ ಹೋದದ್ದು ಎಂದು ಪಕ್ಕದ ಹೋಟೆಲಿನವರು ಹೇಳಿದರು. ಇರಬಹುದು. ಹಾಗೇ ಇರಲಿ ಎಂದು ನಾನು ದಿನಾ ಆಸೆಪಡುತ್ತೇನೆ. ಇಚಿಲಂಪಾಡಿಯ ಕಡೆ ಹೋಗುವ ಬಸ್ಸುಗಳ ಸಮಯ ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹತ್ತಿಲ್ಲ.

ಕಳೆದ ವಾರ ಮತ್ತೊಂದು ಅಪ್ಡೇಟು ಬಂದು ಪೆಟ್ಟಿಗೆಗಳು ತಮ್ಮ ಹೆಸರನ್ನೇ ಮರೆತವು. “ಹೊಸ ಹೆಸರು ಇಡ್ಬೇಕು. ಎಂತ ಇಡುದು ಮಾವ?” ಎಂದಳು ಶ್ವೇತಾ. ಅಂಗಡಿಯ ಮೆಟ್ಟಿಲಿನವರೆಗೆ ಬಾಯಲ್ಲಿ ಸಿದ್ಧವಾಗಿರುತ್ತಿದ್ದ ಆ ಮಾತನ್ನೇ ಹೇಳಿದೆ. ಅವಳು ತಲೆ ಎತ್ತದೆ ಬರೆದಳು. ಒಳಗಿನಿಂದ ಕಮಲ, “ಹಾಗಾದ್ರೆ ಇನ್ನು ಸೆಲ್ಲು ಬರುದು ನಿಲ್ತದಾ?” ಎಂದದ್ದು ಕೆಂಪುಕಲ್ಲಿನ ಗೋಡೆ ದಾಟಿ ನನಗೆ ಸ್ಪಷ್ಟವಾಗಿ ಕೇಳಿಸಿತು. ಈಗ ಮನೆಗೆ ಬಂದವರ ಫೋನಿನಲ್ಲಿ, ನೆರೆಯವರ ಫೋನಿನಲ್ಲಿ, ಗೇಟಿನ ಮುಂದೆ ಸುಮ್ಮನೆ ನಡೆದು ಹೋಗುವವರ ಫೋನಿನಲ್ಲೂ ಆ ಹೆಸರು ಕಾಣಿಸುತ್ತದೆ. ದರ್ಬೆಗೆಲ್ಲ ಹೇಳಿದ ಹಾಗಾಯಿತು, ಕೇಳಬೇಕಾದ ಒಬ್ಬರನ್ನು ಬಿಟ್ಟು. ಗಂಟೆ ಮೂರಾಯಿತು. ಎಲ್ಲೋ ಗುಡುಗಿದ ಹಾಗಾಯಿತು. ತಲೆಯ ಮೇಲೆ ದೀಪ ಕಿತ್ತಳೆಯಾಗಿ ಮಿಣುಕುತ್ತಿದೆ. ಒಂದು ಕೈಯಲ್ಲಿ ಪೆನ್ನನ್ನು, ಇನ್ನೊಂದರಲ್ಲಿ ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೇನೆ. ಇಚಿಲಂಪಾಡಿಯ ಹಮೀದರೇ, ಪ್ಲಗ್ಗು ತೆಗೆದದ್ದು ನಾನು.