ಅಣ್ಣನ ಕಾರಿಗೆ ಬಂದ ಜ್ವರ

ಬಿಸಿ ತೋರಿಸುವ ಮುಳ್ಳು ನಡುಗೆರೆ ದಾಟಿದ್ದನ್ನು ಲೈಬ್ರರಿ ಅಕ್ಕ ಮೊದಲು ಕಂಡದ್ದು ಮನೆ ಹತ್ತಿರದ ಏರಿನಲ್ಲಿ. ಕಂಡೂ ಕಾಣದವಳಂತೆ ಮುಂದಿನ ರಸ್ತೆ ನೋಡಿದಳು. ಮತ್ತೆ ಕಣ್ಣು ಹಾಯಿಸಿದಾಗ ಮುಳ್ಳು ಕೆಂಪು ಗೆರೆಯ ಬಾಗಿಲು ತಟ್ಟುತ್ತಿತ್ತು.

ಕಾರು ಅವಳದ್ದಲ್ಲ, ಅಣ್ಣನದ್ದು. ಬೆಳಿಗ್ಗೆ ಕೀಲಿಕೈ ಕೊಡುವಾಗ ಅಣ್ಣ ಷರತ್ತನ್ನೂ ಕೊಟ್ಟಿದ್ದ. "ನೋಡು ಪುಟ್ಟಿ, ಇವತ್ತೊಂದಿನ ಓಡಿಸಿ ತೋರಿಸು. ಸಂಜೆ ಐದಕ್ಕೆ ತಂದು ನಿಲ್ಲಿಸು. ಗಾಡಿ ಬಗ್ಗೆ ಒಂದೇ ಒಂದು ತಕರಾರು ಹೇಳ್ದೆ ಇದ್ರೆ ಅದು ನಿಂದೇ, ಸುಮ್ನೆ ಕೊಡ್ತೀನಿ. ತಕರಾರು ಎತ್ತಿದ್ರೆ ನಿಮ್ಮ ಅತ್ತಿಗೆ ತಮ್ಮ ಕಾಯ್ತಾ ಕೂತಿದ್ದಾನೆ."

ನಲವತ್ತಮೂರು ವರ್ಷದ ಪುಟ್ಟಿಗೆ ಅಣ್ಣ ಸುಮ್ಮನೆ ಏನಾದರೂ ಕೊಡುತ್ತೇನೆ ಎಂದದ್ದು ಇದೇ ಮೊದಲು. ಲೈಬ್ರರಿಗೆ ಹೋಗಲು ದಿನಾ ಎರಡು ಬಸ್ಸು, ಎರಡರಲ್ಲೂ ನಿಂತೇ ಪ್ರಯಾಣ. ಅದೂ ಇದು ಟರ್ಬೊ ಕಾರು. ಕಾಲಿಟ್ಟರೆ ಸಾಕು, ಬಾಲ ತುಳಿದ ಬೆಕ್ಕಿನಂತೆ ನೆಗೆಯುತ್ತಿತ್ತು. ಕೊಂಡು ಆರು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಹಾಗೇ ಇತ್ತು. ಅದು ಆ ಮನೆಯ ರೂಢಿ. ಅಪ್ಪ ಪುಸ್ತಕ ಬೈಂಡು ಮಾಡುತ್ತಿದ್ದವರು. ಹೊಸದಾಗಿ ಮನೆಗೆ ಬಂದದ್ದು ಕವರ್ ಇಲ್ಲದೆ ಒಂದು ರಾತ್ರಿ ಕಳೆಯಬಾರದು ಎಂದು ಮಕ್ಕಳಿಬ್ಬರಿಗೂ ಕಲಿಸಿದ್ದರು. ಅವಳು ಪುಸ್ತಕಗಳಿಗೆ ಹಾಕಿ ಸುಮ್ಮನಾದಳು. ಅಣ್ಣ ರಿಮೋಟು, ಛತ್ರಿಯ ಹಿಡಿ, ಕರೆಗಂಟೆಯ ಗುಂಡಿ, ಯಾವುದನ್ನೂ ಬಿಟ್ಟಿರಲಿಲ್ಲ.

ಹೇಗೋ ಮನೆಯ ಮುಂದೆ ತಂದು ನಿಲ್ಲಿಸಿದಳು. ಬಾನೆಟ್ ಎತ್ತಿದ್ದೇ ತಡ, ಬುಸ್ಸೆಂದು ಹಬೆ ಎದ್ದಿತು. ಅದೇ ಹೊತ್ತಿಗೆ ಫೋನು.

"ಪುಟ್ಟಿ, ಗಾಡಿ ಹೇಗಿದೆ ಅಂತ ನಿಮ್ಮಣ್ಣ ಕೇಳ್ತಿದಾರೆ," ಎಂದರು ಅತ್ತಿಗೆ.

"ಹೂವಿನ ಹಾಗಿದೆ ಅತ್ತಿಗೆ."

"ಅದೇನದು, ಬುಸ್ ಅಂತಿದೆ?"

"ಕುಕ್ಕರ್."

"ಮನೇಲಿದೀಯಾ? ಸರಿ ಹಾಗಾದ್ರೆ, ತಳ ಹಿಡಿದೀತು, ನೋಡ್ಕೋ."

ಫೋನಿಟ್ಟು ತಿರುಗಿದರೆ ಎದುರು ಸಾಲಿನ ಔಷಧಿ ಅಂಗಡಿಯವರು ಅಂಗಡಿಯನ್ನು ಹಾಗೇ ಬಿಟ್ಟು ಬಂದು ನಿಂತಿದ್ದರು. ಕೈ ಹಿಂದೆ ಕಟ್ಟಿ, ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ದಿನದಿಂದ?" ಎಂದರು.

"ಈಗ, ಹತ್ತು ನಿಮಿಷದಿಂದ."

"ಹಾಗೆಲ್ಲ ಒಂದೇ ಸಲ ಏರಲ್ಲ ಇದು. ಒಳಗೊಳಗೇ ಇದ್ದಿರುತ್ತೆ. ಒದ್ದೆ ಬಟ್ಟೆ ಹಾಕೋಣ."

ಬೇಡ ಎನ್ನುವಷ್ಟರಲ್ಲಿ ಬಾನೆಟ್ ಮುಚ್ಚಿ, ಅವಳದೇ ಹಗ್ಗದ ಮೇಲಿದ್ದ ಟವೆಲ್ಲುಗಳನ್ನು ನೆನೆಸಿ ಅದರ ಮೇಲೆ ಹಾಸಿಬಿಟ್ಟರು. ಟರ್ಬೊ ಕಾರು ಜ್ವರದ ಕೂಸಿನಂತೆ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಬಂದವರೇ ಟವೆಲ್ಲುಗಳ ಸಮೇತ ಬಾನೆಟ್ ಎತ್ತಿ ನೀರಿನ ಮುಚ್ಚಳಕ್ಕೆ ಕೈ ಹಾಕಿದರು.

"ಮೇಷ್ಟ್ರೇ! ಬಿಸಿ ಇರುವಾಗ ಅದನ್ನ ತೆಗೀಬಾರದು, ಕುದಿಯೋ ನೀರು ಮುಖಕ್ಕೇ ಹಾರುತ್ತೆ!" ಎಂದು ಅವಳು ಅವರ ಮಣಿಕಟ್ಟು ಹಿಡಿದೆಳೆದಳು. ಕಾರಿನ ಕೈಪಿಡಿಯನ್ನು ಬೆಳಿಗ್ಗೆಯೇ ಓದಿ ಮುಗಿಸಿದ್ದಳು, ಮುನ್ನುಡಿಯ ಸಮೇತ.

ಮೇಷ್ಟ್ರಿಗೆ ಮುಖಭಂಗವಾಯಿತು. "ನಂಗೂ ಗೊತ್ತು. ನಿಂಗೆ ಗೊತ್ತಿದೆಯಾ ಅಂತ ನೋಡಿದೆ. ಈಗ ನಾನು ಹೇಳಿದ ಹಾಗೆ ಕೇಳು. ಎಂಜಿನ್ ಹಚ್ಚಿ ಹೀಟರ್ ಪೂರ್ತಿ ತಿರುಗಿಸಿದರೆ ಅದರ ಬಿಸಿಯೆಲ್ಲ ಗಾಡಿ ಒಳಗೆ ಬಂದುಬಿಡುತ್ತೆ. ಶುದ್ಧ ವಿಜ್ಞಾನ."

ಅದರಲ್ಲಿ ಸತ್ಯಾಂಶವಿತ್ತು. ಆದರೆ ಬಿಸಿ ಬರುತ್ತದೋ ಇಲ್ಲವೋ ನೋಡಲೆಂದು ಮೇಷ್ಟ್ರು ತಾವೇ ಒಳಗೆ ಕೂತು ಗಾಜು ಏರಿಸಿಕೊಂಡರು. ಆರು ನಿಮಿಷದ ಮೇಲೆ ಔಷಧಿ ಅಂಗಡಿಯವರು ಅವರನ್ನು ಹಿಂಡಿದ ಬಟ್ಟೆಯಂತೆ ಹೊರಗೆಳೆದು, ಬಾನೆಟ್ಟಿನ ಟವೆಲ್ಲುಗಳಲ್ಲಿ ಒಂದನ್ನು ಅವರ ತಲೆಗೆ ವರ್ಗಾಯಿಸಿದರು.

"ನಿಮ್ಮ ಅಣ್ಣನಿಗೇ ಒಂದು ಫೋನ್ ಮಾಡಿಬಿಡ್ಲಾ?" ಎಂದರು ಮೇಷ್ಟ್ರು ಟವೆಲ್ಲಿನ ಒಳಗಿಂದ.

"ಬೇಡಿ!" ಎಂದು ಅವಳು ಕಿರುಚಿದ ರಭಸಕ್ಕೆ ಬೀದಿನಾಯಿ ಎದ್ದು ಜಾಗ ಬದಲಿಸಿತು. ಗಂಟೆ ಮೂರು. ಅವಳು ಎಂಜಿನ್ ಆರಿಸಿ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

ಮೆಕ್ಯಾನಿಕ್ ಮಿತಭಾಷಿ. ಎಂಜಿನ್ ತಣ್ಣಗಾಗುವವರೆಗೆ ಕಟ್ಟೆಯ ಮೇಲೆ ಸುಮ್ಮನೆ ಕೂತ. ಆಮೇಲೆ ಎದ್ದು, ಉಕ್ಕಿಹೋದಷ್ಟು ಕೂಲೆಂಟ್ ನೀರು ತುಂಬಿಸಿ ಕಾರು ಹಚ್ಚಿದ. ಸೋರಿಕೆ ಇಲ್ಲ. ಮೇಲಿನ ಪೈಪು, ಕೆಳಗಿನ ಪೈಪು ಎರಡೂ ಬಿಸಿ. ಅಂದರೆ ನೀರು ಓಡಾಡುತ್ತಿದೆ. ಫ್ಯಾನೂ ತಿರುಗಿತು.

"ನೀರಿದೆ, ಫ್ಯಾನಿದೆ. ಮತ್ತೆ ಬಿಸಿ ಯಾಕೆ?" ಎಂದು ತನ್ನನ್ನೇ ಕೇಳಿಕೊಂಡ. "ಅಕ್ಕ, ಒಂದು ಕಾಗದ ಕೊಡಿ."

ಪುಸ್ತಕ ಹಿಂದಿರುಗಿಸಲು ನೆನಪಿಸುವ ಲೈಬ್ರರಿ ಚೀಟಿಯೊಂದನ್ನು ಅವಳು ಚೀಲದಿಂದ ತೆಗೆದು ಕೊಟ್ಟಳು. ಅವನು ಅದನ್ನು ಕಾರಿನ ಮುಂದಿನ ಜಾಲರಿಗೆ ಹಿಡಿದು ಕೈಬಿಟ್ಟ. ಚೀಟಿ ತೇಲುತ್ತಾ ನೆಲಕ್ಕೆ ಬಿತ್ತು.

"ಒಳಗಿನ ಫ್ಯಾನು ಎಳೆಯೋ ಗಾಳಿಗೆ ಇದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕಿತ್ತು. ಗಾಳಿನೇ ಹೋಗ್ತಿಲ್ಲ. ಮೊದಲೇ ಟರ್ಬೊ, ಏರಲ್ಲಿ ಓಡೋನ ಥರ ಏದುಸಿರು ಬಿಡುತ್ತೆ. ಅದರ ಮೂಗು ಯಾರೋ ಮುಚ್ಚಿದಾರೆ."

ಜಾಲರಿಯ ಹಿಂದೆ ಕೈ ಇಳಿಸಿ ಸರ್ರನೆ ಏನನ್ನೋ ಎಳೆದ. ಗಾಜಿನಷ್ಟು ಪಾರದರ್ಶಕವಾದ, ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಅವಳ ಕಣ್ಣು ನೇರ ಮೂಲೆಗಳಿಗೆ ಹೋಯಿತು. ಎರಡು ಸಲ ಮಡಿಸಿ, ಉಗುರಿನಿಂದ ಗೀರಿ, ತುದಿಯನ್ನು ಒಳಕ್ಕೆ ತೂರಿಸಿದ ಮೂಲೆ. ಜಗತ್ತಿನಲ್ಲಿ ಹಾಗೆ ಮಡಿಸುವವರು ಮೂವರೇ. ಅಪ್ಪ ತೀರಿಕೊಂಡಿದ್ದರು. ಅವಳು ಮಡಿಸಿರಲಿಲ್ಲ.

"ಯಾರೋ ಪಾಪ, ರೇಡಿಯೇಟರಿಗೆ ಧೂಳು ಹಿಡಿಯದಿರಲಿ ಅಂತ ಬೈಂಡ್ ಹಾಕಿದಾರೆ," ಎಂದ ಮೆಕ್ಯಾನಿಕ್.

ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಸೇರಿಸಿದಳು. ಅದೇ ಏರನ್ನು ಎರಡು ಸಲ ಹತ್ತಿಳಿದರೂ ಮುಳ್ಳು ನಡುಗೆರೆಯಲ್ಲಿ ಧ್ಯಾನಕ್ಕೆ ಕೂತಂತೆ ಕೂತಿತ್ತು.

ಐದಕ್ಕೆ ಐದು ನಿಮಿಷವಿರುವಾಗ ಕಾರು ಅಣ್ಣನ ಗೇಟಿನ ಮುಂದಿತ್ತು.

"ತಕರಾರು ಏನಾದ್ರೂ?" ಅಣ್ಣ ಅವಳ ಕಣ್ಣಿಗೆ ಕಣ್ಣು ಸೇರಿಸದೆ ಕೇಳಿದ.

"ಏನೇನೂ ಇಲ್ಲಣ್ಣ."

"ಏನೇನೂ?" ಅಣ್ಣನಿಗೆ ನಂಬಿಕೆ ಬರಲಿಲ್ಲ. ತಾನೇ ಕೂತು ಊರಿನ ನೀರಿನ ಟ್ಯಾಂಕ್ ಇರುವ ಗುಡ್ಡ ಹತ್ತಿಸಿಕೊಂಡು ಬಂದ. ಇಳಿದಾಗ ಮುಖ ಅರಳಿತ್ತು. "ಮುಳ್ಳು ಏರ್ಲೇ ಇಲ್ಲ ಕಣೇ! ಎರಡು ತಿಂಗಳಿಂದ ಪ್ರಾಣ ತಿಂತಿತ್ತು, ಇವತ್ತು ತಾನಾಗೇ ಸರಿಹೋಗಿದೆ!"

"ಎರಡು ತಿಂಗಳಿಂದಲಾ?"

ಅಣ್ಣ ಕೆಮ್ಮಿದ. "ಅಂದ್ರೆ, ಸ್ವಲ್ಪ. ಬಿಡು. ಇಷ್ಟು ಒಳ್ಳೆ ಗಾಡೀನ ಯಾರಾದ್ರೂ ಕೊಡ್ತಾರಾ? ನಂಗೇ ಬೇಕು. ನೀನು ತಪ್ಪು ತಿಳೀಬೇಡ."

ಅಣ್ಣ ಉತ್ಸಾಹದಲ್ಲಿ ಬಾನೆಟ್ ಎತ್ತಿ ಒಳಗೆ ಇಣುಕಿದ. "ಅರೆ! ನಾನು ಹಾಕಿದ್ದ ಕವರ್ ಎಲ್ಲಿ?"

"ಯಾವ ಕವರ್ ಅಣ್ಣ?" ಎಂದು ಅವಳು ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದಳು.

"ದಾರೀಲಿ ಬಿದ್ದುಹೋಗಿರ್ಬೇಕು. ತಾಳು, ಹೊಸದು ಹಾಕೋಣ. ನೀನು ಈ ಮೂಲೆ ಹಿಡಿ."

ಹೇಳಲೋ ಬೇಡವೋ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಹಾಕಿಕೊಳ್ಳಲಿ. ಮತ್ತೆ ಕುದಿಯಲಿ. ಬೇಸತ್ತು ನಾಳೆ ತಾನಾಗಿ ಕೀಲಿಕೈ ತಂದುಕೊಡುತ್ತಾನೆ. ಅವಳು ಮೂಲೆ ಹಿಡಿದಳು. ಎರಡು ಸಲ ಮಡಿಸಿ, ಉಗುರಿನಿಂದ ಗೀರಿ, ತುದಿ ಒಳಕ್ಕೆ ತೂರಿಸಿಕೊಟ್ಟಳು.

ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ಮತ್ತೆ ಗುಡ್ಡಕ್ಕೆ ಹೊರಟ. ಅವಳು ಗೇಟಿನ ಬಳಿ ನಗು ತಡೆದುಕೊಂಡು ಕಾದಳು. ಇಪ್ಪತ್ತು ನಿಮಿಷದಲ್ಲಿ ಕಾರು ಹೊಗೆಬಂಡಿಯಂತೆ ಬುಸುಗುಡುತ್ತಾ ಬಂತು. ಅತ್ತಿಗೆ ಇಳಿದವರೇ, "ಮಧ್ಯಾಹ್ನ ಫೋನಲ್ಲಿ ಕೇಳಿಸಿದ್ದು ಇದೇ ಕುಕ್ಕರ್ರೇನೇ?" ಎಂದು ಒಳಗೆ ಹೋದರು. ಅಣ್ಣ ತಲೆ ತಗ್ಗಿಸಿ ನಿಂತ.

"ಇದು ನಂಗೆ ಬೇಡ, ಪುಟ್ಟಿ."

"ಪರವಾಗಿಲ್ಲ ಅಣ್ಣ, ನಾನು ತಗೊಂಡು ಹೋಗ್ತೀನಿ," ಎಂದು ಅವಳು ಕೈ ಚಾಚಿದಳು.

"ಛೆ! ನಿನ್ನ ಕಣ್ಣೆದುರೇ ಹೀಗೆ ಕುದಿದ ಮೇಲೆ ನಿಂಗೆ ಕೊಟ್ರೆ ನಾನು ಮನುಷ್ಯನಾ? ನಿಂಗೆ ಗೊತ್ತಿಲ್ದೆ ಇದ್ದಾಗ ಆ ಮಾತು ಬೇರೆ." ಅಣ್ಣನ ಕಣ್ಣು ಒದ್ದೆಯಾಗಿತ್ತು. ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ನಿಮ್ಮ ಅತ್ತಿಗೆ ತಮ್ಮನಿಗೆ ದಾಟಿಸ್ತೀನಿ. ಆಗಲೇ ಫೋನ್ ಮಾಡಿದೆ, ಹೊರಟಿದಾನೆ."

ಅವಳು ಬಾಯಿ ತೆರೆದಳು. ಕವರ್ ತೆಗೆ ಎಂದರೆ ಕಾರು ಸರಿಹೋಗಿ ಅಣ್ಣನಲ್ಲೇ ಉಳಿಯುತ್ತದೆ. ಎನ್ನದಿದ್ದರೆ ಅತ್ತಿಗೆಯ ತಮ್ಮನ ಪಾಲಾಗುತ್ತದೆ. ಅವಳು ಬಾಯಿ ಮುಚ್ಚಿದಳು.

"ಬಸ್ಸಿನ ಹೊತ್ತಾಯ್ತು, ಬರ್ತೀನಣ್ಣ."

"ಹೂಂ, ಹುಷಾರು," ಎಂದ ಅಣ್ಣ, ಬಾನೆಟ್ಟಿನೊಳಗೆ ಬಗ್ಗಿ ಮಮತೆಯಿಂದ ನೋಡುತ್ತಾ. "ಏನೇ ಹೇಳು ಪುಟ್ಟಿ, ಮೂಲೆ ಮಾತ್ರ ಎಷ್ಟು ಚೆನ್ನಾಗಿ ಮಡಿಸಿದೀಯ. ಅಪ್ಪ ಇದ್ದಿದ್ರೆ ಬೆನ್ನು ತಟ್ತಿದ್ರು."