ಟ್ರಾನ್ಸ್‌ಫಾರ್ಮ್ ಮಾವ

ನನ್ನ ಸೋದರಮಾವ ಇಂಗ್ಲಿಷನ್ನು ಕೊನೆಯಿಂದ ಕಲಿತವರು. ನಗಬೇಡಿ! ನಿವೃತ್ತಿಯಾದ ವಾರವೇ ದಪ್ಪನೆಯ ಡಿಕ್ಷನರಿ ತಂದು, "ಎಲ್ರೂ ಎ-ಯಿಂದ ಶುರು ಮಾಡಿ ಬಿ-ಯಲ್ಲಿ ಬಿಡ್ತಾರೆ. ನಾ ಝಡ್‌ನಿಂದ ಹೋಗ್ತೆ. ನಡುವೆ ಬಿಟ್ರೂ ಯಾರಿಗೂ ಗೊತ್ತಿಲ್ಲದ್ದು ನಂಗೆ ಗೊತ್ತಿರ್ತದೆ" ಎಂದು ಸಾರಿದರು. ತರ್ಕ ಸರಿಯೇ ಇತ್ತು. ಆದರೆ ಟಿ ಅಕ್ಷರದಲ್ಲಿ 'ಟ್ರಾನ್ಸ್‌ಫಾರ್ಮ್' ಎಂಬ ಕ್ರಿಯಾಪದ ಎದುರಾಯಿತು ನೋಡಿ, ಅಲ್ಲೇ ಠಿಕಾಣಿ ಹೂಡಿದರು. ಇಂದಿಗೂ ಆ ಪುಟ ದಾಟಿಲ್ಲ.

ಅರ್ಥವನ್ನು ಅವರೇ ಹೇಳುತ್ತಿದ್ದರು: "ಹಳೇದ್ರ ಗುರ್ತು ಸಿಗಬಾರ್ದು. ಸಿಕ್ತೋ, ಅದು ಬರೀ ಚೇಂಜು." ಚೇಂಜ್ ಸಿ ಅಕ್ಷರದ್ದಲ್ಲವೇ, ಅಲ್ಲಿಗೆ ಯಾವಾಗ ಮುಟ್ಟಿದರು ಎಂದು ಕೇಳಬೇಡಿ. ಅದನ್ನು ಕಲಿಸಿದ್ದು ಬಸ್ ಕಂಡಕ್ಟರು.

ಶಬ್ದದ ತಪ್ಪು ಬಳಕೆಯನ್ನು ಮಾತ್ರ ಅವರು ಸಹಿಸುತ್ತಿರಲಿಲ್ಲ. ಮಾವನ ಮನೆ ಇದ್ದ ಹಬ್ಬುವಾಡದಲ್ಲಿ ಪಕ್ಕದ ಮನೆಯವರು ಗೋಡೆಗೆ ಬಣ್ಣ ಹೊಡೆಸಿ, "ಮನೆ ಪೂರ್ತಿ ಟ್ರಾನ್ಸ್‌ಫಾರ್ಮ್ ಮಾಡ್ಸಿದ್ದೆ, ಬಂದು ನೋಡಿ" ಎಂದು ಕರೆದರು. ಪಾಪ, ಕರೆಯಬಾರದಿತ್ತು. ಮಾವ ಹಾಲ್ ನೋಡಲಿಲ್ಲ, ಸೀದಾ ಹಿತ್ತಲಿಗೆ ನಡೆದರು. "ಬಚ್ಚಲ ಬಾಗ್ಲಿಗೆ ಅದೇ ಹಳೇ ಸುತ್ಲಿ ಹಗ್ಗ ಕಟ್ಟಿದ್ರಲ?" ಮಾರನೇ ದಿನವೇ ಆ ಬಾಗಿಲಿಗೆ ಚಿಲಕ ಬಂತು.

ಅಂಕೋಲೆಯ ಪೇಟೆಯಲ್ಲಿ ಮಾವಿನಹಣ್ಣಿನ ಬುಟ್ಟಿಯ ಮುಂದೆಯೂ ಇದೇ ಕತೆ. ಹುಳಿಯ ಗುರುತು ಪೂರ್ತಿ ಹೋಗಿದೆಯೇ ಎಂದು ಒಂದು ಹೋಳು ತಿಂದರು, ಎರಡು ತಿಂದರು, ಮೂರನೆಯದಕ್ಕೂ ಕೈ ಚಾಚಿದರು. ಮಾರುವಾಕೆ ಬುಟ್ಟಿಯನ್ನೇ ಹಿಂದಕ್ಕೆಳೆದುಕೊಂಡಳು. "ಒಡ್ಯಾ, ನೀವು ಹಿಂಗೇ ತಿಂತಾ ಇದ್ರೆ ನನ್ನ ಬುಟ್ಟಿದೇ ಗುರ್ತು ಸಿಗುದಿಲ್ಲ." ಮಾವ ಮನೆಗೆ ಬಂದು, ಅವಳಿಗೆ ಶಬ್ದದ ಅರ್ಥ ಸರಿಯಾಗಿ ಗೊತ್ತಿದೆ ಎಂದು ಹೊಗಳಿದ್ದೇ ಹೊಗಳಿದ್ದು.

ಅತ್ತೆಗೆ ಈ ಶಬ್ದ ಕೇಳಿ ಕೇಳಿ ಸಾಕಾಗಿತ್ತು. "ಸಾರು ನಿನ್ನೇದಲ?" ಎಂದು ಮಾವ ರಾಗ ಎಳೆದರೆ, "ಗುರ್ತು ಸಿಕ್ತಲ, ಉಣ್ಣಿ ಈಗ" ಎನ್ನುತ್ತಿದ್ದರು. ಅತ್ತೆಯದು ತಲೆತುಂಬ ಕೂದಲು. ದಿನಾ ಬೆಳಿಗ್ಗೆ ಮಾವ ಹಿತ್ತಲಿನ ಅಬ್ಬಲಿಗೆ ಹೂ ಕೊಯ್ದು ತರಬೇಕು, ಅತ್ತೆ ಬಾಳೆನಾರಿನಲ್ಲಿ ಕಟ್ಟಿ ಮುಡಿಯಬೇಕು. ಆಮೇಲೆಯೇ ಆ ಮನೆಯಲ್ಲಿ ಚಹಾ.

ನನ್ನ ತಂಗಿಯ ಮದುವೆ ಅಂಕೋಲೆಯಲ್ಲಿ ನಿಶ್ಚಯವಾದ ವರ್ಷ ಅತ್ತೆಗೆ ದೊಡ್ಡ ಕಾಯಿಲೆ ಬಂತು. ಔಷಧಕ್ಕೆ ಕೂದಲೆಲ್ಲ ಉದುರಿತು, ಮುಖ ಬಾತಿತು. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವರು ಸೋದರಮಾವ ಮತ್ತು ಅತ್ತೆ, ಇಬ್ಬರೂ ಕೂಡಿ. ಮದುವೆಯ ದಿನ ಬೆಳಿಗ್ಗೆ ನಾನು ಅವರಿಬ್ಬರನ್ನು ಕರೆತರಲು ಕಾರು ತೆಗೆದುಕೊಂಡು ಹೋದರೆ ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದರು.

"ನಾ ಬರುದಿಲ್ಲ. ನೀವೊಬ್ರೇ ಹೋಗಿ. ನಿಮ್ಮ ಆ ಶಬ್ದ ಉಂಟಲ, ಅದೇ ಆಗೋಯ್ತು ನಂಗೆ. ಯಾರಿಗೂ ಗುರ್ತು ಸಿಗುದಿಲ್ಲ."

ಮಾವ ಹಿತ್ತಲಿಗೆ ಹೋಗಿ ಬಟ್ಟಲು ತುಂಬ ಅಬ್ಬಲಿಗೆ ತಂದು ಅತ್ತೆಯ ಮಡಿಲ ಹತ್ತಿರ ಇಟ್ಟರು.

"ಎಲ್ಲಿ ಮುಡಿಲಿ ಇದ್ನ?"

"ಕಟ್ಟು ಮೊದ್ಲು."

ಅತ್ತೆ ಸಿಟ್ಟಿನಿಂದಲೇ ನಾರು ಎತ್ತಿಕೊಂಡರು. ನಾಲ್ಕು ಹೂ, ಒಂದು ಸುತ್ತು, ಒಂದು ಗಂಟು. ದಂಡೆ ಮುಗಿಯುತ್ತ ಬಂದಾಗ ಎಂದಿನಂತೆ ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಮಾವ ಅದಕ್ಕೇ ಕಾದಿದ್ದವರ ಹಾಗೆ ಎದ್ದು ನಿಂತರು.

"ಸಿಕ್ತು ಗುರ್ತು. ಈ ಊರಲ್ಲಿ ನಾರು ಹಿಂಗೆ ಕಚ್ಚುದು ನೀನೊಬ್ಳೇ. ನಿಂದು ಬರೀ ಚೇಂಜು. ಏಳು, ಹುಡ್ಗಿ ಕಾಯ್ತದೆ ಅಲ್ಲಿ."

ಅತ್ತೆ ಅವರನ್ನೇ ಒಂದು ಕ್ಷಣ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡರು. ಮಾವ ಗಡಿಬಿಡಿಯಲ್ಲಿ ಆ ಸೆರಗಿಗೇ ಪಿನ್ ಹಾಕಿ ದಂಡೆ ಸಿಕ್ಕಿಸಿದರು.

ತಂಗಿಯ ಮದುವೆಯ ಆಲ್ಬಮ್ ಈಗಲೂ ನಮ್ಮಲ್ಲಿದೆ. ಒಂದೊಂದು ಫೋಟೋದಲ್ಲೂ ಅತ್ತೆಯ ಅಬ್ಬಲಿಗೆ ಸೊಟ್ಟಗಿದೆ, ಮಾವನ ಕಣ್ಣು ಕ್ಯಾಮೆರಾದ ಕಡೆಗಿಲ್ಲ.