ಸಿಪಾಯಿ ಯಮನಪ್ಪನು ಗುಡ್ಡ ಗೆದ್ದದ್ದು

ಕೋವಿಯ ಹೊಗೆಯೇ ಮುಗಿಲಾಗಿದ್ದ, ಒದ್ದೆ ಕಾಲುಚೀಲಗಳು ಎಂದೂ ಒಣಗದಿದ್ದ ಆ ಮಹಾಯುಗದಲ್ಲಿ, ಅಂದರೆ ಯುದ್ಧದ ಹನ್ನೊಂದನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ, ವೀರಮಾತೃಗರ್ಭಸಂಜಾತನೂ ರಣರಂಗಧೀರನೂ ಬೂಟಿನ ಅಳತೆಯಲ್ಲಿ ಇಡೀ ಪಲ್ಟನ್ನಿಗೆ ಹಿರಿಯನೂ ಆದ ಬಾಗಲಕೋಟೆ ಸೀಮೆಯ ಸಿಪಾಯಿ ಯಮನಪ್ಪ ಹೊಸಮನಿಯನ್ನು, ಎಲೈ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ನಿಲ್ಲಿಸು. ಬೂಟುಗಳನ್ನು ಮಾತ್ರ ಹೊರಗೆ ಬಿಡಿಸು.

ಎದುರಿಗೆ ಕಡಿದಾದ ಗುಡ್ಡ, ತುದಿಯಲ್ಲಿ ಶತ್ರುವಿನ ಕಂದಕ. ಅದರೊಳಗೆ ವೈರಿಗಳು ಅಸಂಖ್ಯಾತರೆಂದು ಎಂಟು ಜನರ ಸೆಕ್ಷನ್ ನಂಬಿತ್ತು; ಇದ್ದವರು ಇಬ್ಬರು. ಕಾಳಗದಲ್ಲಿ ಮೇಲಾದವನ ಹೆಸರನ್ನು ಲಾನ್ಸ್ ನಾಯಕ್ ಫೀತಿಗೆ ಬರೆಯುವೆನೆಂದು ಹವಾಲ್ದಾರ್ ಸಿದ್ರಾಮ ಕಟಗೇರಿ ಮಾತು ಕೊಟ್ಟಿದ್ದರು. ತೋಳಿನ ಮೇಲಿನ ಆ ಒಂದು ಪಟ್ಟಿಗಾಗಿ ಯಮನಪ್ಪ ಆರು ವರ್ಷ ಕಾದಿದ್ದ.

"ಉಸ್ತಾದ್ರ, ಇವತ್ತ ನನ್ನ ಕೋವಿ ಮಾತಾಡ್ತೈತ್ರಿ! ವೈರಿ ಎದಿ ಜರಡಿ ಮಾಡಲಿಲ್ಲಂದ್ರ ನಮ್ಮವ್ವ ಇಟ್ಟ ಹೆಸರ ಬದಲು ಮಾಡ್ಕೋತೀನಿ!"

"ಮೊದ್ಲ ತಲಿ ತಗ್ಸಪಾ, ಯಮರಾಜ," ಎಂದರು ಹವಾಲ್ದಾರರು. "ಹೆಸರು ಆಮ್ಯಾಗ ನೋಡೂಣು."

ಸೀಟಿ ಮೊಳಗಿತು. ಪ್ರಳಯಮೇಘದಂತೆ ಗುಡುಗುತ್ತ, ಬಂಡೆಯಿಂದ ಬಂಡೆಗೆ ಲಂಘಿಸುತ್ತ, ಯಮನಪ್ಪ ಎಲ್ಲರಿಗಿಂತ ಮುಂದೆ ಏರಿದ. ಹಿಂದಿನವರ ಗುಂಡುಗಳು ಹಲವು ಬಂಡೆಗಳನ್ನು ಗಾಯಗೊಳಿಸಿದವು. ಆ ಸಿಂಹಗರ್ಜನೆ ಕೇಳಿ ವೈರಿಗಳಿಬ್ಬರೂ ಕೈಗೆ ಸಿಕ್ಕ ಡಬ್ಬಿಯೊಂದನ್ನು ಹಿಡಿದು ಆಚೆಯ ಇಳಿಜಾರಿನಲ್ಲಿ ಓಡಿದರು. ಕಂದಕಕ್ಕೆ ಧುಮುಕಿದ ವೀರನಿಗೆ ಎದುರಾದದ್ದು ಒಲೆಯ ಮೇಲೆ ಕುದಿಯುತ್ತಿದ್ದ ಚಹಾದ ಕೆಟಲು.

ಎರಡು ದಿನದಿಂದ ಬಿಸಿಯಾದದ್ದೇನನ್ನೂ ಕಾಣದ ಸೆಕ್ಷನ್ ಮಗ್ಗುಗಳನ್ನು ಹೊರತೆಗೆಯಿತು. ಹವಾಲ್ದಾರರು ಯಮನಪ್ಪನ ಕೋವಿಯ ನಳಿಗೆ ಮುಟ್ಟಿದರು. ತಣ್ಣಗಿತ್ತು.

"ಏನಲೇ, ಒಂದೂ ಗುಂಡು ಹಾರಿಸಿಲ್ಲ?"

"ಹೆಂಗ ಹಾರಿಸ್ಲಿರಿ? ಸೇಫ್ಟೀನ ತೆಗದಿಲ್ಲ. ನೀವು ಹುಕುಂ ಕೊಡಲಿಲ್ಲಲ್ರಿ."

ತರಬೇತಿಯಲ್ಲಿ ಒಮ್ಮೆ ಹುಕುಂಗೆ ಮೊದಲೇ ಗುಂಡು ಹಾರಿಸಿದ್ದಕ್ಕೆ ಇದೇ ಉಸ್ತಾದರು ಅವನನ್ನು, ಕೋವಿಯನ್ನು ತಲೆಯ ಮೇಲೆತ್ತಿಸಿ, ಮೈದಾನದ ಸುತ್ತ ಏಳು ಸಲ ಓಡಿಸಿದ್ದರು. ಆ ಪಾಠ ಅವನ ಬೆರಳುಗಳಿಗೆ ಇಳಿದಿತ್ತು.

"ಇದೇನು ಮೈದಾನ ಐತೇನಲೇ? ವೈರಿ ಮುಂದ ಯಾವನರ ಬಂದು 'ಫಾಯರ್' ಅಂತಾನೇನು?"

ಆ ಪದ ಕಿವಿಗೆ ಬಿದ್ದದ್ದೇ ತಡ, ಹೆಬ್ಬೆರಳು ಸೇಫ್ಟಿ ಕೀಲಿ ಸರಿಸಿತು, ತೋರುಬೆರಳು ಕೋವಿಯ ಕುದುರೆ ಎಳೆಯಿತು. ದಿಗ್ಗಜಗಳು ಬೆದರುವಂಥ ಸದ್ದಿಗೆ ಕಂದಕ ನಡುಗಿತು. ಕೆಟಲಿಗೆ ತೂತು ಬಿತ್ತು. ಎಂಟು ಮಂದಿಯ ಚಹಾ ಮಣ್ಣಿಗೆ ಹೋಯಿತು.

ಉಳಿದವರು ಖಾಲಿ ಮಗ್ಗುಗಳನ್ನು ತಿರುಗಿ ಚೀಲಕ್ಕೆ ಸೇರಿಸಿದರು.

"ಉಸ್ತಾದ್ರ," ಯಮನಪ್ಪ ಮೆಲ್ಲಗೆ ಕೇಳಿದ, "ಫೀತಿ...?"

ಎಲ್ಲರಿಗಿಂತ ಮೊದಲು ಕಂದಕಕ್ಕೆ ಇಳಿದವನು ಅವನೇ. ಹವಾಲ್ದಾರರು ಕಾಗದ ತೆಗೆದು ಅದನ್ನಷ್ಟೇ ಬರೆದರು.

"ಬರ್ದೀನಿ. ಸಹಿ ಮಾತ್ರ ನೀನು ಕೆಳಗ ಹೋಗಿ ಚಹಾಕ್ಕ ನೀರು ತಂದಮ್ಯಾಗ."

ಗಿರಿದುರ್ಗಭೇದನನೂ ವೈರಿಸೇನಾವಿದ್ರಾವಣನೂ ಆದ ಯಮನಪ್ಪನು ಜೆರಿಕ್ಯಾನ್ ಹಿಡಿದು ಹಿಗ್ಗಿನಿಂದ ಇಳಿಯತೊಡಗಿದನು. ಚಹಾಪುಡಿಯ ಡಬ್ಬಿ ಓಡಿಹೋದ ವೈರಿಗಳ ಕೈಯಲ್ಲಿತ್ತೆಂದು ಅವನಿಗೆ ಯಾರೂ ಹೇಳಲಿಲ್ಲ.